ರೈಲು ಹತ್ತಿದ ಇಡ್ಲಿ ಹಿಟ್ಟು

ನನ್ನ ಸೋದರಮಾವನಷ್ಟು ನೇರವಾದ ಮನುಷ್ಯ ಡೊಂಬಿವಲಿಯಲ್ಲಿ ಇನ್ನೊಬ್ಬರಿಲ್ಲ ಎಂದರೆ ನೀವು ಸುಮ್ಮನೆ ತಲೆಯಾಡಿಸುತ್ತೀರಿ. ಅಂಥ ಮಾವ ಇಡ್ಲಿ ಹಿಟ್ಟಿಗಾಗಿ ಲೋಕಲ್ ರೈಲಿನಲ್ಲಿ ಕಿಟಕಿ ಪಕ್ಕದ ಸೀಟು ಹಿಡಿಯುತ್ತಿದ್ದರು ಎಂದರೆ? ನಗಬೇಡಿ! ಅದು ವಿಜ್ಞಾನ.

ಮಾವ ರಬಾಳೆ ಕಡೆಯ ಒಂದು ಕಾಲೇಜಿನಲ್ಲಿ ಜೀವಶಾಸ್ತ್ರದ ಮೇಷ್ಟ್ರು. ಉಡುಪಿಯ ಮನೆತನ. ಉಳಿದವರೆಲ್ಲ ಹೋಟೆಲು ಹಾಕಿ ಇಡ್ಲಿ ಮಾರಿದರೆ, ಇವರು ಇಡ್ಲಿಯ ಬಗ್ಗೆ ಯೋಚಿಸಿದರು. ಹಿಟ್ಟಿನ ಪಾತ್ರೆಯ ಮುಂದೆ ಕೂತು ಒಂದೊಂದೇ ಗುಳ್ಳೆ ಏಳುವುದನ್ನು ನೋಡುತ್ತ ಮೈಮರೆಯುತ್ತಿದ್ದರು. “ಹಿಟ್ಟು ಉಸಿರಾಡುದು ನೋಡು ಮಾರಾಯ್ತಿ,” ಎಂದು ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದರು. ನಾನಾಗ ಮಾಜಿವಾಡಾದ ಆಫೀಸೊಂದರಲ್ಲಿ ಕೆಲಸ ಮಾಡುತ್ತ ಅವರ ಮನೆಯಲ್ಲೇ ಇದ್ದೆ. ಸುಳ್ಳೇಕೆ ಹೇಳಲಿ, ನೋಡುತ್ತ ನೋಡುತ್ತ ನನಗೂ ಇಡೀ ಅಡುಗೆಮನೆ ಮೆಲ್ಲಗೆ ಉಸಿರಾಡುವಂತೆ ಅನಿಸಿ ಕಣ್ಣು ಮುಚ್ಚಿಹೋಗುತ್ತಿತ್ತು.

“ಒಬ್ಬರು ಸಾಲದು ಅಂತ ಇಬ್ಬರಾದ್ರಿ! ಏಳಿ, ನನಗೆ ನೆಲ ಒರೆಸ್ಲಿಕ್ಕುಂಟು,” ಎಂದು ಅತ್ತೆ ಎಬ್ಬಿಸುತ್ತಿದ್ದರು.

ಆಮೇಲೆ ಕಾಲೇಜುಗಳಿಗೆ ಹೊಸ ಕಾಲ ಬಂತು. ಸಂಶೋಧನೆಯ ಪೇಪರ್ ಪ್ರಕಟಿಸದವರಿಗೆ ಪ್ರೊಫೆಸರ್ ಹುದ್ದೆ ಇಲ್ಲ! ಇದು ಗೊತ್ತಾದದ್ದೇ ತಡ, ಹೆಸರೇ ಕೇಳದ ಜರ್ನಲ್‌ಗಳು ಹುಟ್ಟಿಕೊಂಡು ಮಾವನಿಗೆ ಇಮೇಲ್ ಬರೆಯತೊಡಗಿದವು. “ಪರಮಪೂಜ್ಯ ವಿದ್ವಾಂಸರೇ” ಎಂದು ಶುರು, “ಶುಲ್ಕ ಕಳಿಸಿ” ಎಂದು ಮುಕ್ತಾಯ. ಮಾವ ಏನು ಮಾಡಿದರು ಗೊತ್ತೇ? ಹಲಸಿನೆಲೆಯಲ್ಲಿ ಬೇಯಿಸುವ ಅತ್ತೆಯ ಕೊಟ್ಟೆ ಕಡುಬಿನ ಕ್ರಮವನ್ನು ಘನವಾದ ಇಂಗ್ಲಿಷಿನಲ್ಲಿ ಬರೆದು, ಬೇಕೆಂದೇ ಉಪ್ಪು ಬಿಟ್ಟು, ಒಂದು ಜರ್ನಲಿಗೆ ಕಳಿಸಿದರು. ಮಧ್ಯಾಹ್ನದ ಊಟ ಮುಗಿಯುವಷ್ಟರಲ್ಲಿ ಉತ್ತರ ಬಂತು: ತಜ್ಞರು ಕೂಲಂಕಷವಾಗಿ ಪರಿಶೀಲಿಸಿದ್ದಾರೆ, ಸಂಶೋಧನೆ ಅಮೋಘ, ದುಡ್ಡು ಕಳಿಸಿ!

“ಒಬ್ಬ ತಜ್ಞನಾದ್ರೂ ಉಪ್ಪು ಎಲ್ಲಿ ಅಂತ ಕೇಳ್ಬೇಡ್ವಾ?” ಮಾವನಿಗೆ ಕೆಂಡದಂಥ ಸಿಟ್ಟು.

“ತಿಂದಿದ್ರೆ ಕೇಳ್ತಿದ್ರು,” ಎಂದರು ಅತ್ತೆ.

ಇನ್ನು ಒಳ್ಳೆಯ ಜರ್ನಲ್‌ಗಳೋ, ಎಷ್ಟೋ ಕಡೆ ಓದುವವರೇ ದುಡ್ಡು ತೆರಬೇಕು. ಅದೂ ಮಾವನಿಗೆ ಆಗದು. “ನಮ್ಮ ಹೋಟೆಲಲ್ಲಿ ಮೊದಲು ನೀರು ಇಡುದು, ಆಮೇಲೆ ಎಂತ ಬೇಕು ಅಂತ ಕೇಳುದು. ವಿದ್ಯೆಯೂ ಹಾಗೇ ಇರ್ಬೇಕು,” ಎನ್ನುತ್ತಿದ್ದರು. ಕಡೆಗೆ ಬರೆಯುವವರಿಂದಲೂ ಓದುವವರಿಂದಲೂ ಕಾಸು ಕೇಳದ, ಆದರೆ ಪ್ರಶ್ನೆ ಕೇಳಿ ಕೇಳಿ ಜೀವ ಹಿಂಡುವ ಜರ್ನಲ್ ಒಂದನ್ನು ಹುಡುಕಿಯೇ ಬಿಟ್ಟರು.

ಸಂಶೋಧನೆಯ ವಿಷಯ? ರೈಲಿನ ಕುಲುಕಾಟಕ್ಕೆ ಇಡ್ಲಿ ಹಿಟ್ಟು ಬೇಗ ಉಬ್ಬುತ್ತದೆಯೇ ಎಂಬುದು! ಒಂದೇ ಹಿಟ್ಟು, ಎರಡು ಡಬ್ಬಿ. ಒಂದು ಮನೆಯಲ್ಲಿ, ಒಂದು ಮಾವನ ತೊಡೆಯ ಮೇಲೆ. ಬೆಳಿಗ್ಗೆ ಡೊಂಬಿವಲಿಯಲ್ಲಿ ಮನುಷ್ಯರಿಗೇ ಕಾಲಿಡಲು ಜಾಗವಿಲ್ಲ. ಹಾಗಾಗಿ ಉಲ್ಟಾ ಕಲ್ಯಾಣಕ್ಕೆ ಹೋಗಿ, ಅಲ್ಲಿಂದಲೇ ಹೊರಡುವ ಖಾಲಿ ಗಾಡಿಯಲ್ಲಿ ಕಿಟಕಿ ಹಿಡಿದು ಥಾಣೆಗೆ, ಅಲ್ಲಿ ಗಾಡಿ ಬದಲಿಸಿ ರಬಾಳೆಗೆ. ಕಳವಾ ಹತ್ತಿರ ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ನೀರು ಕಂಡೊಡನೆ ಮುಚ್ಚಳ ಚೂರು ಸರಿಸುವುದು. ಹಿಟ್ಟಿಗೂ ಗಾಳಿ ಬೇಕಲ್ಲ! ಹೊರಗೆ ನೀರಿನ ಮೇಲೆ ಎಳೆಬಿಸಿಲು, ಒಳಗೆ ಹುಳಿಯ ಪರಿಮಳ, ಮಾವನ ಕಣ್ಣು ಇನ್ನೆಲ್ಲೋ. ಎಷ್ಟೋ ಸಲ ರಬಾಳೆ ಹಿಂದೆ ಹೋಗಿ ವಾಶಿ ಬಂದಿರುತ್ತಿತ್ತು.

“ಕಾಕಾ, ಡಬ್ಬೇ ಮೇಂ ಕ್ಯಾ ಹೈ?” ಡಬ್ಬಿಯಲ್ಲೇನು ಎಂದು ಸಹಪ್ರಯಾಣಿಕರೊಬ್ಬರು ಕೇಳಿದರಂತೆ.

“ಸೋ ರಹಾ ಹೈ, ಧಕ್ಕಾ ಮತ್ ದೋ,” ಮಲಗಿದೆ, ನೂಕಬೇಡಿ ಎಂದರಂತೆ ಮಾವ.

ರೈಲು ಹತ್ತಿದ ಹಿಟ್ಟು ಪ್ರತಿ ಸಲವೂ ಮನೆಯ ಹಿಟ್ಟನ್ನು ಮೀರಿ ಉಬ್ಬಿತು! ಪೇಪರ್ ಪ್ರಕಟವಾಯಿತು, ಯಾರು ಬೇಕಾದರೂ ಬಿಟ್ಟಿಯಾಗಿ ಓದುವಂತೆ. ಪ್ರೊಫೆಸರ್ ಹುದ್ದೆಯ ಸಂದರ್ಶನಕ್ಕೆ ಕರೆಯೂ ಬಂತು. ಅತ್ತೆ ಇಡೀ ಬಿಲ್ಡಿಂಗಿಗೆ ಪಾಯಸ ಹಂಚಿ, ತಂಗಿಯ ಮಗಳ ಮದುವೆಗೆಂದು ಊರಿಗೆ ಹೋದರು.

ಆಗ ಮಾವ, ವಿದ್ಯಾರ್ಥಿಗಳಿಗೆ ತೋರಿಸೋಣವೆಂದು ತಾವೇ ಹಿಟ್ಟು ರುಬ್ಬಿ, ತಾವೇ ತುಂಬಿ ಹೊರಟರು. ಹಿಟ್ಟು ಮಿಸುಕಲಿಲ್ಲ. ಮರುದಿನವೂ ಇಲ್ಲ. ಕಂಗಾಲಾಗಿ ಅತ್ತೆಗೆ ಫೋನ್ ಮಾಡಿದರು.

“ಹಳೇ ಹಿಟ್ಟು ಹಾಕ್ಲಿಲ್ವಾ ನೀವು?” ಎಂದರು ಅತ್ತೆ.

“ಯಾವ ಹಳೇ ಹಿಟ್ಟು?”

“ನಿಮ್ಮ ರೈಲಿನ ಡಬ್ಬಿಗೆ ನಾನು ಯಾವಾಗ್ಲೂ ಒಂದು ಸೌಟು ಹುಳಿ ಹಿಟ್ಟು ಸೇರಿಸುದು. ಉಬ್ಬದಿದ್ರೆ ನಿಮ್ಮ ಮುಖ ನೋಡ್ಲಿಕ್ಕಾಗುದಿಲ್ಲ.”

“ಮನೆಯ ಡಬ್ಬಿಗೆ?”

“ಅದಕ್ಕೆ ಯಾಕೆ? ಅದು ಮನೆಯಲ್ಲೇ ಉಂಟಲ್ಲ!”

ಹಳೆಯ ಹಿಟ್ಟು ಒಂದು ಸೌಟು ಬೆರೆಸಿದರೆ ಹೊಸದು ಬೇಗ ಉಬ್ಬುತ್ತದೆ. ನಮ್ಮ ಅಡುಗೆಮನೆಗಳಲ್ಲಿ ಯಾರೂ ಯಾರಿಗೂ ಹೇಳಿಕೊಡದೆ ನಡೆದುಬಂದ ಪದ್ಧತಿ. ರೈಲಿನ ಪಾತ್ರವೇನೂ ಇರಲಿಲ್ಲ! ಮಾವ ಫೋನ್ ಹಿಡಿದುಕೊಂಡೇ ನೆಲದ ಮೇಲೆ ಕೂತುಬಿಟ್ಟರು. ಅಂದು ನನಗೂ ನಗು ಬರಲಿಲ್ಲ.

ಪೇಪರನ್ನು ಹಿಂತೆಗೆದುಕೊಳ್ಳುತ್ತೇನೆಂದು ಮಾವ ಹೇಳಿದಾಗ ಪ್ರಿನ್ಸಿಪಾಲರು ತಲೆ ಚಚ್ಚಿಕೊಂಡರಂತೆ. “ಅಹೋ ಸರ್, ಇಡ್ಲಿ ಹಿಟ್ಟು ತಾನೇ, ಬಾಂಬ್ ಅಲ್ಲವಲ್ಲ! ಸಂದರ್ಶನ ಮುಗಿಯಲಿ. ಯಾರು ನೋಡುತ್ತಾರೆ?”

“ಎಲ್ಲರೂ ನೋಡ್ಲಿ ಅಂತ ಇಟ್ಟವನು ನಾನೇ ಅಲ್ವಾ ಸರ್? ಯಾರೋ ಪಾಪ ಅದನ್ನು ನಂಬಿ ಡಬ್ಬಿ ಹಿಡ್ಕೊಂಡು ರೈಲು ಹತ್ತಿದ್ರೆ?”

ಹಿಂತೆಗೆದುಕೊಂಡರು. ಹುದ್ದೆ ಕೈತಪ್ಪಿತು. ಮದುವೆ ಮುಗಿಸಿ ಬಂದ ಅತ್ತೆ, “ತಪ್ಪು ಮಾಡಿದ್ದು ನಾನು. ನನ್ನ ಹೆಸರೇ ಬರೀರಿ,” ಎಂದು ಅತ್ತರು. ಆದರೆ ಹಿಂತೆಗೆದುಕೊಳ್ಳುವ ಕಾರಣವನ್ನು ಮಾವ ಆಗಲೇ ಬರೆದು ಕಳಿಸಿದ್ದರು. ಅದು ಜರ್ನಲಿನಲ್ಲಿ ಬಂದಾಗ ನಾನೇ ಮೊಬೈಲಿನಲ್ಲಿ ತೆರೆದು ಅತ್ತೆಗೆ ಕನ್ನಡದಲ್ಲಿ ಹೇಳಿದೆ: “ಎರಡು ಡಬ್ಬಿಗಳನ್ನು ಸಮಾನವಾಗಿ ಕಂಡಿರಲಿಲ್ಲ. ಪ್ರಯಾಣ ಮಾಡುವ ಡಬ್ಬಿಯ ಮೇಲೆ ಮನೆಯವರಿಗೆ ಅಕ್ಕರೆ ಹೆಚ್ಚಿತ್ತು. ಇಷ್ಟು ವರ್ಷ ಅದನ್ನು ಗಮನಿಸದೆ ಇದ್ದುದು ಲೇಖಕನ ತಪ್ಪು.”

ಅಂದಿನಿಂದ ಅತ್ತೆ ಹಿಟ್ಟಿಗೆ ಹಳೆಯದನ್ನು ಸೇರಿಸುವುದನ್ನೇ ಬಿಟ್ಟರು. ಇಡ್ಲಿ ಕಲ್ಲಾಯಿತು. ಮಾವ ಆ ಕಲ್ಲುಗಳನ್ನೇ ತಿಂದರು. ಕೊನೆಗೊಂದು ಸಂಜೆ ಹೊಸ ಹಿಟ್ಟಿನ ಮುಂದೆ ಸುಮ್ಮನೆ ನಿಂತಿದ್ದ ಅತ್ತೆಯ ಕೈಗೆ ಅವರೇ ಸೌಟು ಕೊಟ್ಟರು.

“ಹಾಕು ಮಾರಾಯ್ತಿ. ಇದು ಪ್ರಯೋಗ ಅಲ್ಲ, ನಮ್ಮ ಮನೆ.”