ಸಂಗೀತ ಪದವೀಧರೆಯಿಂದ ದಂತ ಕಾಲೇಜಿನ ಪ್ರವೇಶ ಸಮಿತಿಗೆ

ಪ್ರವೇಶ ಸಮಿತಿಯ ಅಧ್ಯಕ್ಷರಾದ ಡಾ. ಥೋರ್‌ಸನ್ ಅವರ ದಿವ್ಯ ಸನ್ನಿಧಾನಕ್ಕೆ,

ಮಾನ್ಯರೇ,

ಡುಲೂತ್ ನಗರದ ಐಲಿ ಕೊಸ್ಕೆಲಾ ಎಂಬ ನಾನು, ತಾವು ಎರಡೆರಡು ಬಾರಿ ತಿರಸ್ಕರಿಸುವ ಶ್ರಮ ವಹಿಸಿದ ಅಭ್ಯರ್ಥಿ, ತಮ್ಮ ಮತ್ತು ತಮ್ಮ ಹಲ್ಲುಗಳ ಕ್ಷೇಮ ಕೋರಿ ಮಾಡಿಕೊಳ್ಳುವ ಅರಿಕೆ.

ನಾನು ಓದಿದ್ದು ಸಂಗೀತ, ಊದಿದ್ದು ಶಹನಾಯಿಯ ನಂಟಿನ ಓಬೋ. ನಾನಿದ್ದ ವಾದ್ಯವೃಂದ ಮುಚ್ಚಿದ ಮೇಲೆ ಒಬ್ಬ ದಂತವೈದ್ಯೆಯ ಬಳಿ, ರೋಗಿಗಳ ಬಾಯಿಯ ನೀರು ಹೀರುವ ಕೊಳವೆ ಹಿಡಿಯುವ ಕೆಲಸಕ್ಕೆ ಸೇರಿದೆ. ಅಲ್ಲಿಗೆ ಒಂದು ದಿನ ಆರ್ವಿಲ್ ಎಂಬ ಮುದುಕ ಬಂದರು. ಅದಿರು ಸಾಗಿಸುವ ಹಡಗಿನಲ್ಲಿ ಅಡುಗೆಯವರಾಗಿದ್ದವರು. ಮೂರು ಗಂಟೆ ದಾರಿಯ ಅವರ ಊರಿನಲ್ಲಿ ಹಲ್ಲಿನ ವೈದ್ಯರಿಲ್ಲದ ಕಾರಣ ಇಕ್ಕಳದಿಂದ ತಾವೇ ದವಡೆ ಹಲ್ಲು ಕಿತ್ತುಕೊಂಡು, ಅರ್ಧವನ್ನು ಒಳಗೇ ಬಿಟ್ಟಿದ್ದರು. ಉಳಿದರ್ಧ ಹೊರಬರುವವರೆಗೆ ನನ್ನ ಕೈ ಹಿಡಿದುಕೊಂಡಿದ್ದು, ಆಮೇಲೆ ಹೇಳಿದರು: "ನಮ್ಮೂರಿಗೆ ಯಾವ ಡಾಕ್ಟ್ರೂ ಬರಲ್ಲ ಕಣಮ್ಮ. ನೀನೇ ಓದ್ಕೊಂಡು ಬಾ, ನಾನು ಸಾಯೋದ್ರೊಳಗೆ."

ಆ ವರ್ಷವೇ ತಮಗೆ ಅರ್ಜಿ ಹಾಕಿದೆ. ರಸಾಯನಶಾಸ್ತ್ರವಿಲ್ಲ, ಜೀವಶಾಸ್ತ್ರವಿಲ್ಲ, ಭೌತಶಾಸ್ತ್ರವಿಲ್ಲ ಎಂದು ತಾವು ಅಪ್ಪಣೆ ಕೊಡಿಸಿದಿರಿ. ನ್ಯಾಯವೇ. ಹಗಲು ಕೊಳವೆ ಹಿಡಿದು, ಸಂಜೆ ಹದಿನೆಂಟರ ಮಕ್ಕಳ ಪಕ್ಕದಲ್ಲಿ ಕುಳಿತು ಮೂರು ವರ್ಷ ಓದಿದೆ. ಮೊದಲ ದಿನ ಒಬ್ಬಳು, "ಮೇಡಂ, ಇವತ್ತೇ ಟೆಸ್ಟ್ ಇಟ್ಟುಬಿಡ್ತೀರಾ?" ಎಂದು ನನ್ನನ್ನೇ ಕೇಳಿದಳು. ಸಾವಯವ ರಸಾಯನದಲ್ಲಿ ಒಮ್ಮೆ ಬಿದ್ದೆ, ಅಳುತ್ತಲೇ ಎದ್ದೆ, ಪ್ರವೇಶ ಪರೀಕ್ಷೆಯಲ್ಲಿ ಒಳ್ಳೆಯ ಅಂಕವನ್ನೇ ಪಡೆದೆ.

ಎರಡನೆಯ ಸಲ ತಾವು ಸಂದರ್ಶನಕ್ಕೂ ಕರೆದಿರಿ. "ಪೀಪಿ ಊದ್ಕೊಂಡಿದ್ದೋರಿಗೆ ಕೈಯಲ್ಲಿ ಸೂಕ್ಷ್ಮ ಕೆಲಸ ಬರುತ್ತಾ?" ಎಂದು ತಮ್ಮ ಪಕ್ಕದ ಪ್ರಾಧ್ಯಾಪಕರು ನಕ್ಕರು. ಹದಿನಾಲ್ಕು ವರ್ಷ ಆ ಪೀಪಿಯ ಬಾಯಿಗಿಡುವ ಜೊಂಡಿನ ನಾಲಗೆಯನ್ನು ಕೂದಲೆಳೆಯಷ್ಟು ತೆಳುವಾಗಿ ಚಾಕುವಿನಲ್ಲಿ ಹೆರೆದವಳು ನಾನೇ ಎಂದೆ. ಅವರು ಗಡಿಯಾರ ನೋಡಿಕೊಂಡರು. ತಿಂಗಳ ನಂತರ ಬಂದ ತಮ್ಮ ಪತ್ರಕ್ಕೆ ಚೌಕಟ್ಟು ಹಾಕಿಸಿದ್ದೇನೆ. ಈ ವರ್ಷ ಸಮಿತಿ ವಿಜ್ಞಾನೇತರ ಹಿನ್ನೆಲೆಯವರಿಗೆ ಆದ್ಯತೆ ನೀಡಿದೆಯೆಂದೂ, ನನ್ನ ಇತ್ತೀಚಿನ ಓದು ಪೂರ್ತಿ ವಿಜ್ಞಾನವೇ ಆಗಿರುವುದರಿಂದ ಅರ್ಜಿ ಎಲ್ಲರಂತೆಯೇ ಕಾಣುತ್ತದೆಂದೂ ಅದರಲ್ಲಿದೆ.

ಇಂಥ ದೂರದೃಷ್ಟಿಗೆ ನಮಸ್ಕರಿಸಿ ಒಂದೇ ಕೋರಿಕೆ: ನನ್ನ ತಲೆಯಲ್ಲಿ ಬೇರೂರಿರುವ ರಸಾಯನಶಾಸ್ತ್ರವನ್ನು ತಮ್ಮ ನುರಿತ ಕೈಗಳಿಂದಲೇ ಕಿತ್ತು ಕೊಡಬೇಕು. ಮರಗಟ್ಟಿಸುವ ಚುಚ್ಚುಮದ್ದು ಬೇಡ. ತಮ್ಮ ಪತ್ರಗಳೇ ಆ ಕೆಲಸ ಮಾಡಿವೆ.

ಹನ್ನೊಂದು ಗಂಟೆ ದಾರಿಯ ಇನ್ನೊಂದು ಕಾಲೇಜಿನವರಿಗೆ ತಮ್ಮಷ್ಟು ಸೂಕ್ಷ್ಮತೆಯಿಲ್ಲ. "ಓದು ಮುಗಿಸಿ ಎಲ್ಲಿಗೆ ಹೋಗ್ತೀರಿ?" ಎಂದಷ್ಟೇ ಕೇಳಿದರು. ಆರ್ವಿಲ್ ಅವರ ಊರಿನ ಹೆಸರು ಹೇಳಿದೆ, ಬರೆದುಕೊಂಡರು, ಸೀಟು ಕೊಟ್ಟರು. ಫೋನಿನಲ್ಲಿ ತಿಳಿಸಿದಾಗ ಮುದುಕ, "ನಾಲ್ಕೇ ವರ್ಷ ತಾನೇ? ಉಳಿದಿರೋ ಹಲ್ಲುಗಳನ್ನ ಹೆಂಗೋ ಗಟ್ಟಿ ಹಿಡ್ಕೊಂಡಿರ್ತೀನಿ ಬಿಡು" ಎಂದರು.

ಎರಡು ನಿರಾಕರಣೆಗಳಿಗೂ ಸದಾ ಋಣಿಯಾದ,
ತಮ್ಮ ವಿಶ್ವಾಸಿ,
ಐಲಿ ಕೊಸ್ಕೆಲಾ

ತಾ.ಕ.: ನಿನ್ನೆ ತಮ್ಮ ಕಚೇರಿಯ ಹೆಣ್ಣುಮಗಳು ಕರೆ ಮಾಡಿ, ಒಂದು ಸೀಟು ಖಾಲಿಯಾಗಿದೆ, ಕೂಡಲೇ ಬನ್ನಿ ಎಂದರು. ತಾವು ಆದ್ಯತೆ ಕೊಟ್ಟು ಆರಿಸಿದ ತತ್ವಶಾಸ್ತ್ರದ ತರುಣ ಎರಡನೆಯ ವಾರದ ಜೀವರಸಾಯನ ಪಾಠದಿಂದಲೇ ನೇರ ಮನೆಗೆ ಹೋದನಂತೆ. ಬರಲಾಗುತ್ತಿಲ್ಲ, ಕ್ಷಮಿಸಿ, ಇಲ್ಲಿ ಅದೇ ಪಾಠದಲ್ಲಿ ನಾನು ಮುಂದಿನ ಸಾಲಿನಲ್ಲಿ ಕುಳಿತಿದ್ದೇನೆ.