ಅಳಿಯನ ಬದಲು ಬೈಸಿಕೊಂಡ ಕಂಪ್ಯೂಟರ್

ಬೈಯೋದು ನನಗೆ ಉಸಿರಾಡಿದಷ್ಟೇ ಸಲೀಸು. ಹಾಲಿನವನು, ಸೊಪ್ಪಿನ ಗಾಡಿಯವನು, ಗಂಗಾನಗರದ ನಮ್ಮ ಬೀದಿ ಮೂಲೆಗೆ ಕಸ ಎಸೆಯೋರು, ಯಾರನ್ನೂ ನಾನು ಬಿಟ್ಟಿಲ್ಲ. ನನ್ನ ಗಂಡ ಆಸ್ಪತ್ರೆ ಮಂಚದ ಮೇಲೂ ಬೈಸಿಕೊಂಡೇ ಇದ್ದರು. ನಾನು ಸುಮ್ಮನೆ ಕೂತಿದ್ದರೆ ಡಾಕ್ಟರು ಏನೋ ಕೆಟ್ಟ ಸುದ್ದಿ ಹೇಳಿದ್ದಾರೆ ಅಂತ ಅವರೇ ಹೆದರಿಕೊಳ್ತಿದ್ದರು. ಇಂಥಾ ನನಗೆ ದೇವರು ಒಂದು ಕಡೆ ಮಾತ್ರ ಬೀಗ ಹಾಕಿದ್ದಾನೆ. ಅಳಿಯನಿಗೆ ಬೈಯೋ ಹಾಗಿಲ್ಲ. ನಮ್ಮ ಕಡೆ ಅತ್ತೆಯಾದೋಳು ಅಳಿಯನ ಎದುರು ದನಿ ಎತ್ತೋದಿಲ್ಲ, ಕಾಲು ಚಾಚಿ ಕೂರೋದೂ ಇಲ್ಲ. ಮೇಲಾಗಿ ನಾನಿರೋದು ಮಗಳ ಮನೆಯಲ್ಲಿ.

ಆದರೆ ಬಂದ ಮಾತು ನುಂಗಿದರೆ ನನಗೆ ಹೊಟ್ಟೆ ಉಬ್ಬರ. ಅದಕ್ಕೊಂದು ದಾರಿ ಮಾಡಿಕೊಂಡೆ. ಮುಂದಿನ ಕೋಣೆಯಲ್ಲಿ ಒಂದು ಹಳೇ ಕಂಪ್ಯೂಟರ್ ಇದೆ. ಮಗಳು ಶಾರದಾ ಅದರಲ್ಲಿ ಮದುವೆ ಪತ್ರಿಕೆ ಮಾಡಿಕೊಡ್ತಾಳೆ. ಅಳಿಯಂದಿರು, ಹೆಸರು ನಾಗರಾಜು, ರಜಾ ದಿನ ಏಳೋದು ತಡವಾದರೆ ನಾನು ಪೊರಕೆ ಹಿಡಿದು ಆ ಪೆಟ್ಟಿಗೆ ಮುಂದೆ ನಿಂತು, “ಬಿಸಿಲು ನೆತ್ತಿಗೆ ಬಂತು, ಇನ್ನೂ ಏಳಲ್ವಲ್ಲೋ ನೀನು!” ಅಂತೀನಿ. ಒಳಗೆ ಮಂಚ ಕಿರ್ ಅನ್ನುತ್ತೆ. “ಒಂದು ಕೆಲಸಕ್ಕೆ ಎಷ್ಟು ಸಲ ಬಡ್ಕೋಬೇಕೋ ನಿಂಗೆ!” ಅಂದರೆ ಸಂಜೆಯೊಳಗೆ ಗ್ಯಾಸ್ ಬುಕ್ ಆಗಿರುತ್ತೆ. ಅವರ ಮರ್ಯಾದೆಗೂ ಧಕ್ಕೆ ಇಲ್ಲ, ನನ್ನ ಹೊಟ್ಟೆಗೂ ತೊಂದರೆ ಇಲ್ಲ.

ಹೀಗಿರುವಾಗ ಆ ಪೆಟ್ಟಿಗೆ ನಿಜವಾಗಿಯೇ ಏಳೋದು ನಿಧಾನವಾಯ್ತು. ಗುಂಡಿ ಒತ್ತಿ, ಅಕ್ಕಿ ತೊಳೆದು ಕುಕ್ಕರ್ ಇಟ್ಟು ಬಂದರೂ ಪರದೆ ಮೇಲೆ ಚಕ್ರ ತಿರುಗ್ತಾನೇ ಇರೋದು. ಒಳಗಿನ ಡಿಸ್ಕು ಕಟಕಟ ಅನ್ನೋದು, ಹಲ್ಲುಸೆಟ್ಟು ಸಡಿಲವಾದೋರು ಚಕ್ಕುಲಿ ಕಡಿದ ಹಾಗೆ. ಹೊಸ ಕಂಪ್ಯೂಟರೇ ತರೋಣ ಅಂದಳು ಶಾರದಾ. “ಪೆಟ್ಟಿಗೆ ಗಟ್ಟಿಯಾಗಿದೆ, ಡಿಸ್ಕ್ ಒಂದು ಬದಲಾಯಿಸಿದ್ರೆ ಸಾಕು” ಅಂತ ಅಳಿಯಂದಿರು ಎಸ್.ಪಿ. ರೋಡಿನ ಕಂಪ್ಯೂಟರ್ ಅಂಗಡಿಗೆ ಹೋಗಿ ಒಂದು ಕಾರ್ಡು ತಂದರು. ಅಂಗೈಯಗಲದ ಹಸಿರು ಹಲಗೆ, ಅದರ ಮೇಲೆ ಬಬಲ್‌ಗಮ್ ಪಟ್ಟಿಯಷ್ಟು ಎಸ್‌ಎಸ್‌ಡಿ ಅನ್ನೋ ಹೊಸ ನಮೂನೆ ಡಿಸ್ಕು. “ಇದರಲ್ಲಿ ತಿರುಗೋ ಚಕ್ರವೇ ಇಲ್ಲ ಅತ್ತೆ. ಕಣ್ಣು ಮಿಟುಕಿಸೋದ್ರೊಳಗೆ ಎದ್ದು ನಿಲ್ಲುತ್ತೆ” ಅಂದರು. ಹಳೇ ಡಿಸ್ಕಿನಲ್ಲಿದ್ದದ್ದನ್ನೆಲ್ಲ ಅದಕ್ಕೆ ತುಂಬಿಸಿದರು. ಅದರಲ್ಲೇ ಅಲ್ಲಾಳಸಂದ್ರದವರ ಮದುವೆ ಪತ್ರಿಕೆಯೂ ಇತ್ತು.

ಈ ಅಲ್ಲಾಳಸಂದ್ರದವರು ರಾಗಿ ಹೊಲ ಇದ್ದ ಕಡೆ ಅಪಾರ್ಟ್‌ಮೆಂಟ್ ಎಬ್ಬಿಸಿದ ಜನ. ಊರು ತುಂಬಾ ನೆಂಟರು. ಭಾನುವಾರ ಸಂಜೆ ಬಂದು ಪತ್ರಿಕೆ ನೋಡ್ತೀವಿ ಅಂದಿದ್ದರು. ಒಪ್ಪಿದರೆ ಅವರ ನೆಂಟರ ಮನೆ ಪತ್ರಿಕೆಗಳೂ ಶಾರದನ ಪಾಲಿಗೆ. ತೋರಿಸದಿದ್ದರೆ ಇಲ್ಲಿಂದಲೇ ಮೇನ್ ರೋಡಿನ ದೊಡ್ಡ ಅಂಗಡಿಗೆ. ಭಾನುವಾರ ಬೆಳಗ್ಗೆ ಹಳೇ ಡಿಸ್ಕು ಕೊನೇ ಸಲ ಕಟ್ ಅಂದು ಪ್ರಾಣ ಬಿಟ್ಟಿತು. ಹೊಸ ಕಾರ್ಡು ಇದೆಯಲ್ಲ ಅಂತ ಅಳಿಯಂದಿರು ಧೈರ್ಯವಾಗಿ ಗುಂಡಿ ಒತ್ತಿದರು. ಕಪ್ಪು ಪರದೆ, ಮೇಲೊಂದು ಸಾಲು ಇಂಗ್ಲಿಷು. ನಾನು ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟೋಳು, “ಏನಂತೆ ಅದಕ್ಕೆ?” ಅಂದೆ.

“ಡಿಸ್ಕೇ ಇಲ್ಲ, ನಾನು ಹೇಗೆ ಏಳ್ಲಿ ಅಂತಿದೆ” ಅಂದಳು ಶಾರದಾ.

“ಹೊಟ್ಟೆ ಒಳಗೇ ಇಟ್ಟಿದ್ದೀರಲ್ಲೇ!”

“ಇಟ್ಟಿದೀವಿ ಅಮ್ಮ. ಇದಕ್ಕೆ ಕಾಣ್ತಿಲ್ಲ.”

ಕಾರ್ಡು ಕಿತ್ತು, ಊದಿ, ಒರೆಸಿ, ಮತ್ತೆ ಸಿಕ್ಕಿಸಿದರು. ಮಧ್ಯಾಹ್ನವಾಯ್ತು. ಶಾರದನ ಮುಖ ನೋಡಿ ನನಗೆ ತಡೆಯೋಕಾಗಲಿಲ್ಲ. ಪೆಟ್ಟಿಗೆ ಮುಂದೆ ಹೋಗಿ ನಿಂತೆ. “ಕೈಲಾಗ್ದಿದ್ರೆ ಯಾಕೋ ಒಪ್ಕೊಂಡೆ? ಮಗಳ ಹೊಟ್ಟೆ ಮೇಲೆ ಹೊಡೆದು ಕೂತ್ಯಲ್ಲೋ, ದಂಡಪಿಂಡ!”

ಅಳಿಯಂದಿರ ಕಿವಿ ಕೆಂಪಾಯ್ತು. ಸ್ಕ್ರೂಡ್ರೈವರ್ ಹಿಡಿದುಕೊಂಡೇ ಅವರೂ ಪೆಟ್ಟಿಗೆ ಕಡೆ ತಿರುಗಿದರು. “ನಿಂದೇ ತಪ್ಪು ಕಣೇ. ವಯಸ್ಸಾದ್ರೂ ಹಟ ಬಿಡಲ್ಲ. ಬರೀ ಸದ್ದು. ನಿನ್ನ ಕಾಲದ್ದು ಬಿಟ್ರೆ ಬೇರೆ ಯಾವುದನ್ನೂ ಒಪ್ಪಲ್ಲ. ಬಂದು ಹದಿನೈದು ವರ್ಷ ಆದ್ರೂ ನಮ್ಮೋನು ಅಂತ ಗುರುತು ಹಿಡಿಯಲ್ವಲ್ಲೇ!”

ಕಾರ್ಡು ಬಂದು ಇನ್ನೂ ಒಂದು ವಾರ ಆಗಿರಲಿಲ್ಲ. ಹದಿನೈದು ವರ್ಷ ಆಗಿದ್ದು ಅವರ ಮದುವೆಗೆ. ಶಾರದಾ ದುಪಟ್ಟಾ ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಓಡಿದಳು. ನಾನು ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟೆ. ಎಷ್ಟು ದಿನದಿಂದ ನಡೀತಿದೆ ಇದು? ಹೋದ ದೀಪಾವಳಿಯಲ್ಲಿ “ಇದರ ಬಾಯಿ ಮುಚ್ಚಿಸೋಕೆ ಏನಾದ್ರೂ ಸಾಫ್ಟ್‌ವೇರ್ ಇದ್ಯಾ” ಅಂತ ಅವರು ಕಂಪ್ಯೂಟರ್ ಮುಂದೆ ಗೊಣಗಿದಾಗ, ಪಾಪ, ಪೆಟ್ಟಿಗೆ ಏನು ಸದ್ದು ಮಾಡ್ತೋ ಅಂತ ನಾನೇ ಮರುಗಿದ್ದೆ.

ಕೊನೆಗೆ ಅಳಿಯಂದಿರ ಸ್ನೇಹಿತ ಫೋನಿನಲ್ಲಿ ಉಪಾಯ ಹೇಳಿದ. ಈ ಹಳೇ ಪೆಟ್ಟಿಗೆಗೆ ಹೊಸ ಕಾರ್ಡಿನಿಂದ ಏಳೋದು ಗೊತ್ತಿಲ್ಲ, ಪೆನ್‌ಡ್ರೈವಿನಿಂದ ಏಳೋದು ಗೊತ್ತು. ಪೆನ್‌ಡ್ರೈವಿಗೆ ಕಾರ್ಡಿನ ಪರಿಚಯ ಮಾಡಿಸಿಟ್ಟರೆ, ಪೆಟ್ಟಿಗೆ ಪೆನ್‌ಡ್ರೈವನ್ನ ಕೇಳುತ್ತೆ, ಅದು ಕಾರ್ಡನ್ನ ಎಬ್ಬಿಸುತ್ತೆ.

“ಅಂದ್ರೆ ಮದುವೆ ದಲ್ಲಾಳಿ ಇದ್ದಂಗೆ” ಅಂದೆ.

“ಹೂಂ ಅತ್ತೆ. ಆದ್ರೆ ಈ ದಲ್ಲಾಳಿ ಮದುವೆ ಆದ್ಮೇಲೂ ಮನೆ ಬಿಟ್ಟು ಹೋಗಲ್ಲ. ಹಿಂದುಗಡೆ ಚುಚ್ಚಿಕೊಂಡೇ ಇರ್ಬೇಕು.”

ಪಕ್ಕದ ಮನೆ ಲ್ಯಾಪ್‌ಟಾಪ್ ಇಸಕೊಂಡು ಬಂದು ದಲ್ಲಾಳಿಯನ್ನ ತಯಾರು ಮಾಡಿದರು. ಗುಂಡಿ ಒತ್ತಿದರೆ, ನಾನು ಎಲೆ ಅಡಿಕೆ ಬಾಯಿಗೆ ಹಾಕೋದ್ರೊಳಗೆ ಪರದೆ ತುಂಬಾ ಬಣ್ಣ! ಅಷ್ಟರಲ್ಲಿ ಬಾಗಿಲಲ್ಲಿ ಕಾರು ನಿಂತಿತು. ಅಲ್ಲಾಳಸಂದ್ರದ ಯಜಮಾನರು ದೊಡ್ಡಪ್ಪನ ಹೆಸರು ಮೇಲೆ ಹಾಕಿ ಅಂದರು, ಶಾರದಾ ಹಾಕಿದಳು. ಚಿಕ್ಕಪ್ಪ ಮುನಿಸಿಕೊಳ್ತಾರೆ ಅಂದರು, ಅವರನ್ನೂ ಎತ್ತಿ ಪಕ್ಕದಲ್ಲೇ ಕೂರಿಸಿದಳು. “ಪರವಾಗಿಲ್ಲ ಕಣಮ್ಮ, ಕೇಳೋದ್ರೊಳಗೆ ಮಾಡ್ತೀಯ. ನಮ್ಮ ತಮ್ಮನ ಮನೆ ಗೃಹಪ್ರವೇಶದ್ದೂ ನಿಂಗೇ” ಅಂದು ಹೋದರು.

ಶಾರದಾ ನನ್ನ ಪಕ್ಕೆಗೆ ತಿವಿದಳು. “ಅಮ್ಮ, ಮಧ್ಯಾಹ್ನ ಅಷ್ಟು ಉಗಿದ್ಯಲ್ಲ, ಈಗ ಒಂದು ಒಳ್ಳೇ ಮಾತಾಡು. ನೇರವಾಗಿ ಅವರ ಹತ್ರನೇ.”

ಹೋದೆ. ಅಳಿಯಂದಿರು ನೆಲದ ಮೇಲೆ ಕೂತು ಪೆಟ್ಟಿಗೆಗೆ ಸ್ಕ್ರೂ ಹಾಕ್ತಿದ್ದರು. ಬೈಗುಳ ನನಗೆ ಸಾಲಾಗಿ ನಿಂತಿರ್ತಾವೆ. ಹೊಗಳೋ ಮಾತಿಗೆ ಮನೆಯೆಲ್ಲ ಹುಡುಕಬೇಕು. ಗಂಟಲು ಸರಿ ಮಾಡಿಕೊಂಡು, “ಚೆನ್ನಾಗಿ ಮಾಡಿದ್ರಿ” ಅಂದೆ.

ಅವರು ನನ್ನನ್ನ ನೋಡಿದರು, ಪೆಟ್ಟಿಗೆಯನ್ನ ನೋಡಿದರು, ಮತ್ತೆ ನನ್ನನ್ನ ನೋಡಿದರು.

“ಇದೇನತ್ತೆ,” ಅಂದರು, “ಕಂಪ್ಯೂಟರ್‌ಗೆ ಬಹುವಚನ ಯಾವಾಗಿಂದ?”