ಎಡಕ್ಕೆ ಬಿದ್ದ ಹೂವು

ಹುಲುಗೇಶನಿಗೆ ಪ್ರಶ್ನೆ ಹುಟ್ಟಲು ಹೊತ್ತುಗೊತ್ತು ಬೇಕಿರಲಿಲ್ಲ. ಸತ್ತ ಮೇಲೆ ಮನುಷ್ಯ ಎಲ್ಲಿಗೆ ಹೋಗುತ್ತಾನೆ ಎಂದು ಹಲ್ಲುಜ್ಜುವಾಗ ಯೋಚಿಸುತ್ತಿದ್ದ. ಸತ್ತವರ ಮನೆಯಲ್ಲಿ ಕುಳಿತಾಗ, ಮಿರ್ಚಿ ಬಜ್ಜಿ ಮಾಡುವವರು ಮೆಣಸಿನಕಾಯಿಯ ತೊಟ್ಟನ್ನು ಯಾಕೆ ಹಾಗೇ ಬಿಡುತ್ತಾರೆ ಎಂದು ಯೋಚಿಸುತ್ತಿದ್ದ. ಕುರೆಕುಪ್ಪದ ಹತ್ತಿರದ ಕಾರ್ಖಾನೆಯೊಂದರಲ್ಲಿ ಸ್ಟೋರ್ ಕೀಪರ್ ಆಗಿದ್ದ ಅವನು ಕ್ಯಾಂಟೀನಿಗೆ ಬಂದರೆ, ಜೊತೆಯವರು ತಟ್ಟೆ ಎತ್ತಿಕೊಂಡು ಬೇರೆ ಟೇಬಲ್ಲಿಗೆ ಹೋಗುತ್ತಿದ್ದರು. ಹೆಣ್ಣು ನೋಡಲು ಹೋದ ಕಡೆಯೂ ಅದೇ ಕತೆ. ಉಪ್ಪಿಟ್ಟು ಬರುವ ಮೊದಲೇ ಇವನ ಪ್ರಶ್ನೆ ಬರುತ್ತಿತ್ತು.

ಕಂಪ್ಲಿಯ ಸುಧಾರಾಣಿ ಮಾತ್ರ ಬೇರೆ. ಹೈಸ್ಕೂಲಿನಲ್ಲಿ ಗಣಿತದ ಟೀಚರು. ಮಿರ್ಚಿಯ ತೊಟ್ಟಿನ ವಿಷಯ ಕೇಳಿದ್ದೇ ಅವಳು ನಕ್ಕು, "ಹಿಟ್ಟಿನ್ಯಾಗ ಅದ್ದಾಕ ಹಿಡ್ಕೊಳ್ಳೋದು ಬ್ಯಾಡೇನ್ರಿ?" ಎಂದಿದ್ದಳು. ಅವನ ಜನ್ಮದಲ್ಲಿ ಉತ್ತರ ಸಿಕ್ಕ ಮೊದಲ ಪ್ರಶ್ನೆ ಅದು. ಮದುವೆಯಾದರೆ ಇವಳನ್ನೇ ಎಂದು ಅಲ್ಲೇ ತೀರ್ಮಾನಿಸಿಬಿಟ್ಟ.

ತಾಯಿ ರೇಣುಕಮ್ಮ ಅಷ್ಟು ಸುಲಭಕ್ಕೆ ಬಗ್ಗುವವಳಲ್ಲ. ಮನೆದೇವರು ಹೂವು ಕೊಡದೆ ಆ ಮನೆಯಲ್ಲಿ ಒಂದು ಕುರ್ಚಿಯನ್ನೂ ಕೊಂಡಿರಲಿಲ್ಲ. ಅತ್ತ ಕಂಪ್ಲಿಯವರು, "ಸಂಜಿಯೊಳಗ ಹೇಳ್ರಿ, ಇಲ್ಲಾಂದ್ರ ಸಂಡೂರಿನ ಗಂಡಿನ ಕಡೇರು ಕಾಯಾಕ ಹತ್ಯಾರ" ಎಂದು ಫೋನು ಮಾಡಿದ್ದರು. ಹೀಗಾಗಿ ಭಾನುವಾರ ಬೆಳಿಗ್ಗೆ ಹುಲುಗೇಶ ತಾಯಿಯನ್ನು ಬೈಕಿನ ಹಿಂದೆ ಕೂರಿಸಿಕೊಂಡು, ಹೊಸಪೇಟೆಯಿಂದ ಪಾಪಿನಾಯಕನಹಳ್ಳಿಯ ಹುಲಿಗೆಮ್ಮನ ಗುಡಿಗೆ ಬಂದ.

ಪೂಜಾರಿ ಜಡೆಪ್ಪ ಹುಲಿಗೆಮ್ಮನ ಮೂರ್ತಿಯ ಎರಡೂ ಭುಜಕ್ಕೆ ಒದ್ದೆ ಹೂವು ಅಂಟಿಸಿದ. ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಇಲ್ಲ.

"ಮನಸಿನ್ಯಾಗ ಒಂದ ಪ್ರಶ್ನಿ ಕೇಳಪ. ಒಂದ!" ಎಂದ ಜಡೆಪ್ಪ. ಅವನಿಗೆ ಹುಲುಗೇಶ ಚಿಕ್ಕಂದಿನಿಂದ ಗೊತ್ತು.

ಹುಲುಗೇಶ ಕಣ್ಣು ಮುಚ್ಚಿದ. ತಾಯೀ, ಸುಧಾರಾಣಿ ನನ್ನ ಹೆಂಡತಿ ಆಗುತ್ತಾಳಾ? ಹೂವು ಕದಲಲಿಲ್ಲ. ಮತ್ತೆ ಕೇಳಿದ, ಮತ್ತೆ ಕೇಳಿದ. ಅಷ್ಟರಲ್ಲಿ ಗರ್ಭಗುಡಿಯ ಮೂಲೆಯಲ್ಲಿ ಕೊಡದಿಂದ ನೀರು ತೊಟ್ಟಿಕ್ಕುವ ಸದ್ದು ಕೇಳಿತು. ನೀರು ಎಂದ ಕೂಡಲೇ ಮನೆಯ ಟ್ಯಾಂಕು ನೆನಪಾಯಿತು. ಹೊರಡುವಾಗ ಮೋಟಾರು ಆರಿಸಿದೆನಾ?

ಟಪ್. ಹೂವು ಎಡಕ್ಕೆ ಬಿತ್ತು.

ರೇಣುಕಮ್ಮ ಸೆರಗನ್ನು ಬಾಯಿಗಿಟ್ಟಳು. "ಬ್ಯಾಡ ಅಂದ್ಲು ತಾಯಿ. ಕಂಪ್ಲಿಗೆ ಫೋನ್ ಹಚ್ಚಿ ಹೇಳು."

"ಯವ್ವಾ, ಅದು ಸುಧಾರಾಣಿಗಲ್ಲ! ಮೋಟಾರಿಗೆ!"

ನಡೆದದ್ದನ್ನು ಹೇಳಿದ ಮೇಲೆ ರೇಣುಕಮ್ಮ ಹಣೆ ಬಡಿದುಕೊಂಡಳು. ಜಡೆಪ್ಪ ಬಹಳ ಹೊತ್ತು ತಲೆ ಕೆರೆದುಕೊಂಡು ತೀರ್ಪು ಕೊಟ್ಟ: "ಮನಿಗೆ ಹೋಗಿ ನೋಡ್ರಿ. ಮೋಟಾರ್ ಆರಿಸಿರಲಿಲ್ಲ ಅಂದ್ರ ತಾಯಿ ಹೇಳಿದ್ದು ಅದಕ್ಕ. ಆರಿಸಿದ್ರ ಲಗ್ನಕ್ಕ. ಆಮ್ಯಾಲೆ ನನ್ನ ಕೇಳಬ್ಯಾಡ್ರಿ."

ದಾರಿಯುದ್ದಕ್ಕೂ ಹುಲುಗೇಶ ಬೇಡಿಕೊಂಡದ್ದು ಒಂದೇ: ತಾಯೀ, ನಮ್ಮ ಓಣಿ ಮುಳುಗಿರಲಿ. ಓಣಿಗೆ ಬಂದು ನೋಡಿದರೆ ಒಂದು ಹನಿ ನೀರಿಲ್ಲ. ಹೊರಗೋಡೆಯ ಮೋಟಾರಿನ ಸ್ವಿಚ್ಚು ಆರಿತ್ತು. ಅವನು ಮೆಟ್ಟಿಲ ಮೇಲೆ ಕುಳಿತುಬಿಟ್ಟ.

ಪಕ್ಕದ ಮನೆಯ ದುರ್ಗಕ್ಕ ಆಗ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬಂದಳು. "ಏನಪ ದೊರಿ, ಈಗ ಬಂದ್ಯಾ? ನಿನ್ನ ಟ್ಯಾಂಕ್ ತುಂಬಿ ನೀರೆಲ್ಲಾ ನಮ್ಮ ಮಾಳಿಗಿ ಮ್ಯಾಲೆ! ಒಣಾಕ ಹಾಕಿದ ಹಪ್ಪಳ ಗಂಜಿ ಆಗ್ಯಾವ. ನಾನ ಬಂದು ಮೋಟಾರ್ ಆರಿಸೀನಿ!"

ಹುಲುಗೇಶ ಎದ್ದವನೇ ಅವಳ ಕಾಲಿಗೆ ಬಿದ್ದ. "ಅಕ್ಕಾ, ನಿನ್ನ ಹಪ್ಪಳ ತೊಯ್ದು ನನ್ನ ಲಗ್ನ ಉಳೀತು!"

ಬೈಯಲು ಬಂದ ದುರ್ಗಕ್ಕನಿಗೆ ಬೈಗುಳ ಮರೆತುಹೋಯಿತು. ವಿಷಯ ತಿಳಿದ ಮೇಲಂತೂ ಅವಳು ಮನೆಯಲ್ಲಿ ನಿಲ್ಲುವುದುಂಟೇ? ಸಾಕ್ಷಿಗೆ ತಾನು ಬೇಕೇ ಬೇಕು ಎಂದು ರೇಣುಕಮ್ಮನ ಜೊತೆ ಮತ್ತೆ ಗುಡಿಗೆ ಹೋಗಲು ಆಟೋ ಹತ್ತಿದಳು. ಈ ಸಲ ಹುಲುಗೇಶ, ಮಗ್ಗಿ ಬಾಯಿಪಾಠ ಮಾಡುವವನಂತೆ, "ಸುಧಾರಾಣಿ, ಸುಧಾರಾಣಿ" ಎಂದು ತುಟಿ ಅಲುಗಿಸುತ್ತ ನಿಂತ. ಬೇರೆ ಯಾವ ಪ್ರಶ್ನೆಯೂ ಒಳಗೆ ನುಸುಳದಂತೆ ಹಲ್ಲು ಕಚ್ಚಿ ಹಿಡಿದ. ಹೂವು ಬಲಕ್ಕೆ ಬಿತ್ತು.

ದುರ್ಗಕ್ಕ ಯಾರೂ ಕೇಳದಿದ್ದರೂ ಸೋಬಾನೆ ಹಾಡತೊಡಗಿದಳು. ಹುಲುಗೇಶ ಗುಡಿಯ ಕಟ್ಟೆಯ ಮೇಲೆ ನಿಂತೇ ಸುಧಾರಾಣಿಗೆ ಫೋನು ಮಾಡಿದ. ಹುಲಿಗೆಮ್ಮ ಒಪ್ಪಿದಳು ಎಂದಷ್ಟೇ ಹೇಳಿ ಇಟ್ಟಿದ್ದರೆ ಆಗುತ್ತಿತ್ತು. ಸಂತೋಷ ತಡೆಯಲಾಗದೆ ಟ್ಯಾಂಕು, ಹಪ್ಪಳ ಎಲ್ಲವನ್ನೂ ಹೇಳಿ ತಾನೇ ನಕ್ಕ.

ಆ ಕಡೆಯಿಂದ ನಗು ಬರಲಿಲ್ಲ.

"ನನ್ನ ಕಟ್ಕೋಬೇಕೋ ಬ್ಯಾಡೋ ಅಂತ ದೇವರ ಮುಂದ ನಿಂತಾಗ, ನಿಮಗ ಮೋಟಾರ್ ನೆನಪಾತಾ?"

"ಅಲ್ರಿ, ನೀರಿನ ಸಪ್ಪಳ ಬಂತು, ಅದಕ್ಕ..."

"ನಾಳೆ ತಾಳಿ ಕಟ್ಟೋ ಹೊತ್ತಿಗೆ ಗ್ಯಾಸ್ ನೆನಪಾಗ್ತೈತಿ. ಬ್ಯಾಡ್ರಿ. ಸಂಡೂರಿನೋರಿಗೆ ಹೂಂ ಅಂತೀನಿ." ಫೋನು ಕಟ್ಟಾಯಿತು.

ಹುಲುಗೇಶನಿಗೆ ಅಳು ಬಂತು. ನಿಜವಾಗಿಯೂ ಬಂತು, ಮೂಗು ಒರೆಸಿಕೊಳ್ಳಲು ದುರ್ಗಕ್ಕ ತನ್ನ ಸೆರಗನ್ನೇ ಕೊಟ್ಟಳು.

"ತಾಯಿ ಮೊದಲನೇ ಸಲಾನ ಸರಿ ಹೇಳಿದ್ಲು," ಎಂದಳು ರೇಣುಕಮ್ಮ. "ಎರಡನೇ ಸಲ ನಿನ್ನ ಕಾಟ ತಡೀಲಾರದ ಹೂಂ ಅಂದಾಳ."

"ಹಂಗಾರ ಯವ್ವಾ, ಮೊದಲನೇ ಹೂವು ಯಾವುದಕ್ಕ? ಮೋಟಾರಿಗೋ, ಲಗ್ನಕ್ಕೋ?"

"ಎರಡಕ್ಕೂ."

"ಅದಿರ್ಲಿ," ಎಂದಳು ದುರ್ಗಕ್ಕ, ಸೆರಗು ವಾಪಸ್ಸು ಎಳೆದುಕೊಳ್ಳುತ್ತ. "ನನ್ನ ಹಪ್ಪಳದ ಗತಿ ಏನು?"

ಅಂದು ಕೇಳಿದ ಪ್ರಶ್ನೆಗಳಲ್ಲಿ ಅನುಮಾನವೇ ಇಲ್ಲದೆ ಉತ್ತರ ಸಿಕ್ಕಿದ್ದು ಅದಕ್ಕೆ ಮಾತ್ರ. ಮರುದಿನ ಹುಲುಗೇಶ ಕಾರ್ಖಾನೆಗೆ ರಜೆ ಹಾಕಿ, ದುರ್ಗಕ್ಕನ ಮಾಳಿಗೆಯ ಮೇಲೆ ಕುಳಿತು ಹಪ್ಪಳ ಲಟ್ಟಿಸುತ್ತಿದ್ದ.